ಕಾಣದ ಕಿರಣಕ್ಕೆ ಕಣ್ಣು ಬಂದ ಬಗೆ

ವಿಜಯಪುರಕ್ಕೆ ಬಂದ ಪ್ರವಾಸಿಗನು ಗೋಲಗುಂಬಜವನ್ನು ನೋಡಿದ ಮೇಲೆ ತಪ್ಪದೆ ಹುಡುಕಿಕೊಂಡು ಹೋಗುವ ಇನ್ನೊಂದು ಸೋಜಿಗವೆಂದರೆ ಶೆರ್ಜಾ ಬುರುಜಿನ ಮೇಲೆ ಮಲಗಿರುವ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಈ ತೋಪಿನ ತೂಕ ಸುಮಾರು 55 ಟನ್ನು. ಬತ್ತಿಗೆ ಬೆಂಕಿ ಮುಟ್ಟಿಸಿದ ಗೋಲಂದಾಜನು ಮರುಕ್ಷಣವೇ ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗಿ ತನ್ನ ಕಿವಿಯನ್ನೂ ಪ್ರಾಣವನ್ನೂ ಕಾಪಾಡಿಕೊಳ್ಳುತ್ತಿದ್ದನೆಂದು ಊರಿನ ಜನ ಇಂದಿಗೂ ಹೇಳುತ್ತಾರೆ. ಕಥೆ ಎಷ್ಟರಮಟ್ಟಿಗೆ ನಿಜವೋ ಇತಿಹಾಸಕಾರರು ನೋಡಿಕೊಳ್ಳಲಿ. ಶತ್ರುವಿನ ಕಡೆಗೆ ತಿರುಗಿಸಿದ ಆಯುಧವು ಹಾರಿಸಿದವನನ್ನೂ ಬಿಡುವುದಿಲ್ಲವೆಂಬ ಮಾತು ಮಾತ್ರ ಅದರಲ್ಲಿ ಸ್ಪಷ್ಟವಾಗಿದೆ.

ಕ್ಯಾನ್ಸರಿನ ಮೇಲೆ ಮನುಷ್ಯನು ಹೂಡಿದ ಕಿರಣಯುದ್ಧದ ಮೊದಲ ಅಧ್ಯಾಯವೂ ಹೀಗೆಯೇ ಇತ್ತು. 1895ರ ನವೆಂಬರ್ 8ರಂದು ಜರ್ಮನಿಯ ರಂಟ್‌ಜನ್ ಕ್ಷ-ಕಿರಣಗಳನ್ನು ಕಂಡುಹಿಡಿದನು. 1898ರಲ್ಲಿ ಕ್ಯೂರಿ ದಂಪತಿಗಳು ರೇಡಿಯಮ್ ಧಾತುವನ್ನು ಲೋಕಕ್ಕೆ ತೋರಿಸಿದರು. 1901ರಲ್ಲಿ ಬೆಕರೆಲ್ ಎಂಬ ವಿಜ್ಞಾನಿಯು ಒಂದು ಚಿಟಿಕೆಯಷ್ಟು ರೇಡಿಯಮ್ಮನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದರಿಂದ ಅವನ ಮೈಮೇಲೆ ಸುಟ್ಟ ಗಾಯವಾಯಿತು. ಚರ್ಮವನ್ನು ಸುಡಬಲ್ಲದ್ದು ಗಂತಿಯನ್ನೂ ಸುಡಬಹುದಲ್ಲವೆ ಎಂಬ ತರ್ಕ ವೈದ್ಯರಲ್ಲಿ ಬಲವಾಯಿತು. ಆದರೆ ಆ ಕಾಲದ ಕಿರಣಕ್ಕೆ ಕಣ್ಣಿರಲಿಲ್ಲ. ಗಂತಿಯೊಂದಿಗೆ ಮೇಲಿನ ಚರ್ಮ, ಕೆಳಗಿನ ಎಲುಬು, ಎದುರಿಗೆ ನಿಂತ ವೈದ್ಯನ ಬೆರಳು, ಎಲ್ಲವೂ ಬೆಂದವು. ಹೀಗೆ ಪ್ರಾಣ ತೆತ್ತ ವೈದ್ಯರು ಮತ್ತು ವಿಜ್ಞಾನಿಗಳ ಹೆಸರುಗಳನ್ನು ಕೆತ್ತಿದ ಸ್ಮಾರಕವೊಂದನ್ನು 1936ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ನಿಲ್ಲಿಸಲಾಯಿತು. ಅದರ ಮೇಲೆ ನೂರಕ್ಕೂ ಹೆಚ್ಚು ಹೆಸರುಗಳಿದ್ದುವು.

ಈ ರೋಗಕ್ಕೆ ನಮ್ಮ ಭಾಷೆಯಲ್ಲಿ ಹೆಸರುಗಳಿಗೇನೂ ಬರವಿಲ್ಲ. ಸಂಸ್ಕೃತದವರು ಅರ್ಬುದವೆಂದರು, ಕನ್ನಡದಲ್ಲಿ ಏಡಿಗಂತಿ, ಏಡಿಹುಣ್ಣು ಎಂಬ ಮಾತುಗಳುಂಟು. ಗ್ರೀಕರೂ ಇದನ್ನು ಏಡಿಯೆಂದೇ ಕರೆದಿದ್ದರು. ಆದರೆ ವಿಜಯಪುರದ ಸೀಮೆಯಲ್ಲಿ ಜನ ಹೆಸರನ್ನೇ ಎತ್ತುವುದಿಲ್ಲ. ದನಿ ತಗ್ಗಿಸಿ ‘ದೊಡ್ಡ ಬ್ಯಾನಿ’ ಎನ್ನುತ್ತಾರೆ. ಅದಕ್ಕೆ ಮಾಡುವ ಕಿರಣ ಚಿಕಿತ್ಸೆಗೆ ‘ಕರೆಂಟ್ ಕೊಡೂದು’ ಎಂಬ ಹೆಸರಿಟ್ಟುಕೊಂಡಿದ್ದಾರೆ. ಈ ಎರಡನೆಯ ಹೆಸರು ಮಾಡಿರುವ ಹಾನಿ ಸಣ್ಣದಲ್ಲ. ಕಿರಣ ಚಿಕಿತ್ಸೆಯಲ್ಲಿ ರೋಗಿಗೆ ವಿದ್ಯುತ್ತಿನ ಆಘಾತವಾಗುವುದಿಲ್ಲ. ಕಿರಣ ಬೀಳುವಾಗ ಬಿಸಿಯೂ ತಾಗುವುದಿಲ್ಲ, ನೋವೂ ಆಗುವುದಿಲ್ಲ. ಎದೆಯ ಪಟವನ್ನು ತೆಗೆಸಿಕೊಂಡಾಗ ಆದಷ್ಟೇ ಅನುಭವ. ಆದರೂ ‘ಕರೆಂಟ್’ ಎಂಬ ಒಂದು ಮಾತಿಗೆ ಹೆದರಿ ಆಸ್ಪತ್ರೆಯ ಬಾಗಿಲಿನಿಂದಲೇ ಹಿಂದಿರುಗಿದವರುಂಟು.

ಕುರುಡು ಕಿರಣಕ್ಕೆ ಮೊದಲು ತಾಳ್ಮೆಯನ್ನು ಕಲಿಸಿದ್ದು ಒಂದು ಟಗರು ಎಂದರೆ ವಾಚಕರಿಗೆ ನಗು ಬಂದೀತು. 1920ರ ದಶಕದಲ್ಲಿ ಪ್ಯಾರಿಸಿನ ರೇಡಿಯಮ್ ಸಂಸ್ಥೆಯ ಕ್ಲೋಡಿಯಸ್ ರೆಗೋ ಎಂಬ ವಿಜ್ಞಾನಿಯು ಟಗರುಗಳ ಬೀಜಕ್ಕೆ ಕಿರಣ ಹಾಯಿಸಿ ಅವುಗಳ ಸಂತಾನಶಕ್ತಿಯನ್ನು ಕುಂದಿಸಲು ಯತ್ನಿಸುತ್ತಿದ್ದನು. ಬೀಜದಲ್ಲಿ ಜೀವಕೋಶಗಳು ಎಡೆಬಿಡದೆ ಹುಟ್ಟುತ್ತಿರುತ್ತವೆಯಾದ್ದರಿಂದ ಅದನ್ನು ಗಂತಿಯ ಪ್ರತಿರೂಪವೆಂದು ಅವನು ಭಾವಿಸಿದ್ದನು. ಒಂದೇ ಸಲಕ್ಕೆ ಕಿರಣವನ್ನೆಲ್ಲ ಸುರಿದಾಗ ಮೇಲಿನ ಚರ್ಮ ಸುಟ್ಟುಹೋಗುತ್ತಿತ್ತು, ಆದರೆ ಉದ್ದೇಶ ಸಾಧಿಸುತ್ತಿರಲಿಲ್ಲ. ಅದೇ ಕಿರಣವನ್ನು ಸಣ್ಣ ಸಣ್ಣ ಪಾಲುಗಳನ್ನಾಗಿ ಮಾಡಿ ಹಲವು ದಿನಗಳ ಮೇಲೆ ಹಂಚಿ ಕೊಟ್ಟಾಗ ಚರ್ಮ ಉಳಿಯಿತು, ಬೀಜ ನಿಷ್ಫಲವಾಯಿತು. ಆರೋಗ್ಯವಂತ ಜೀವಕೋಶವು ಒಂದು ರಾತ್ರಿ ಬಿಡುವು ಸಿಕ್ಕರೆ ತನ್ನ ಗಾಯವನ್ನು ತಾನೇ ಹೊಲಿದುಕೊಳ್ಳುತ್ತದೆ. ರೋಗದ ಕೋಶಕ್ಕೆ ಆ ಕಸಬು ಅಷ್ಟು ಚೆನ್ನಾಗಿ ಬರುವುದಿಲ್ಲ. ಅದೇ ಸಂಸ್ಥೆಯ ಆನ್ರಿ ಕುಟಾರ್ ಎಂಬ ವೈದ್ಯನು ಈ ಕ್ರಮವನ್ನು ಗಂಟಲಿನ ಕ್ಯಾನ್ಸರಿನ ರೋಗಿಗಳಿಗೆ ಅನ್ವಯಿಸಿ ಗುಣ ಕಂಡನು. ಇಂದು ಲೋಕದ ಯಾವ ಆಸ್ಪತ್ರೆಯಲ್ಲಾದರೂ ರೋಗಿಯನ್ನು ವಾರಕ್ಕೆ ಐದು ದಿನ, ಐದಾರು ವಾರ, ಕೆಲವೊಮ್ಮೆ ಏಳು ವಾರ ಬರಹೇಳುವುದರ ಮೂಲ ಆ ಟಗರುಗಳಲ್ಲಿದೆ.

ಆದರೆ ಒಂದು ತೊಡಕನ್ನು ಬಿಡಿಸಹೋಗಿ ಇನ್ನೊಂದು ತೊಡಕು ಬಂದಿತು. ಮೂವತ್ತೈದು ದಿನ ಕಿರಣ ಹಾಯಿಸಬೇಕಾದರೆ ಮೂವತ್ತೈದು ಸಲವೂ ಅದು ಅದೇ ಜಾಗಕ್ಕೆ ಬೀಳಬೇಕು. ಮನುಷ್ಯನ ದೇಹವು ಕಲ್ಲಿನ ವಿಗ್ರಹವಲ್ಲ. ಉಸಿರಾಡಿದಂತೆಲ್ಲ ಶ್ವಾಸಕೋಶದೊಳಗಿನ ಗಂತಿ ಮೇಲೆ ಕೆಳಗೆ ತೂಗುತ್ತದೆ. ಕೆಲವರಲ್ಲಿ ಒಂದು ಸೆಂಟಿಮೀಟರಿಗಿಂತಲೂ ಹೆಚ್ಚು ಚಲಿಸುವುದುಂಟು. ಮೂತ್ರಕೋಶ ತುಂಬಿದ ದಿನ ಗರ್ಭಕೋಶ ಒಂದು ಕಡೆಗೆ ಸರಿಯುತ್ತದೆ, ಬರಿದಾದ ದಿನ ಇನ್ನೊಂದು ಕಡೆಗೆ. ಹಿಂದಿನ ವೈದ್ಯರು ಚರ್ಮದ ಮೇಲೆ ಶಾಯಿಯ ಗುರುತು ಹಾಕಿ, ಆ ಗುರುತಿನ ನೇರಕ್ಕೆ ಯಂತ್ರವನ್ನು ನಿಲ್ಲಿಸುತ್ತಿದ್ದರು. ಚರ್ಮದ ಗುರುತು ಚರ್ಮದ ಸಾಕ್ಷಿಯನ್ನಷ್ಟೇ ಹೇಳೀತು. ಒಳಗಿನ ಗಂತಿ ಎಲ್ಲಿದೆ ಎಂಬುದನ್ನು ಹೇಳಲಾರದು. ಗುರಿ ತಪ್ಪಬಾರದೆಂದು ವೈದ್ಯರು ಗಂತಿಯ ಸುತ್ತ ದೊಡ್ಡ ಅಂಚನ್ನು ಬಿಟ್ಟು, ಆ ಅಂಚಿನೊಳಗಿನ ಒಳ್ಳೆಯ ಮಾಂಸವನ್ನೂ ಸುಡಬೇಕಾಗುತ್ತಿತ್ತು.

ಈ ಅಂಚಿನ ಲೆಕ್ಕವನ್ನು ಇಂಡಿಯ ಕಡೆಯ ಒಂದು ನಿಂಬೆಹಣ್ಣಿನ ಮೇಲೆ ಮಾಡಿ ನೋಡಬಹುದು. ಹಣ್ಣಿನ ಅಡ್ಡಳತೆ 4 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಅದರ ಗಾತ್ರ ಸುಮಾರು 33 ಘನ ಸೆಂಟಿಮೀಟರ್ ಆಗುತ್ತದೆ. ಸುತ್ತಲೂ 1 ಸೆಂಟಿಮೀಟರ್ ಅಂಚು ಬಿಟ್ಟರೆ ಒಟ್ಟು ಗಾತ್ರ 113ಕ್ಕೆ ಏರುತ್ತದೆ. ಎಂದರೆ 33 ಪಾಲು ರೋಗವನ್ನು ಸುಡಲು 80 ಪಾಲು ಆರೋಗ್ಯವನ್ನು ಸುಟ್ಟಂತಾಯಿತು. ಅಂಚನ್ನು ಅರ್ಧ ಸೆಂಟಿಮೀಟರಿಗೆ ಇಳಿಸಿದರೆ ಒಟ್ಟು ಗಾತ್ರ 65. ಆಗ ಬಲಿಯಾಗುವ ಒಳ್ಳೆಯ ಮಾಂಸ 32 ಪಾಲು ಮಾತ್ರ. ಅರ್ಧ ಸೆಂಟಿಮೀಟರೆಂದರೆ ಒಂದು ಕಡಲೆಬೇಳೆಯಷ್ಟು ಅಂತರ. ಆದರೆ ಗಂಟಲಿನಲ್ಲಿ ಆ ಅಂತರದೊಳಗೆ ಜೊಲ್ಲಿನ ಗ್ರಂಥಿಯಿರುತ್ತದೆ, ಬೆನ್ನುಹುರಿಯಿರುತ್ತದೆ, ನುಂಗುವ ಸ್ನಾಯುಗಳಿರುತ್ತವೆ.

ಅಂಚನ್ನು ಕಿರಿದುಮಾಡುವ ಧೈರ್ಯ ಬರಬೇಕಾದರೆ ಕಿರಣ ಬಿಡುವ ಯಂತ್ರವೇ ಒಳಗನ್ನು ನೋಡಬೇಕು. ಅದು ಸಾಧ್ಯವಾಗಲು ಅರ್ಧ ಶತಮಾನ ಹಿಡಿಯಿತು. 1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್ ಯಂತ್ರದಿಂದ ಚಿಕಿತ್ಸೆ ಮೊದಲಾಯಿತು. 1953ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಲೀನಿಯರ್ ಆಕ್ಸಿಲರೇಟರ್ ಎಂಬ ಯಂತ್ರವು ಮೊದಲ ರೋಗಿಯನ್ನು ಕಂಡಿತು. ಇದರಲ್ಲಿ ವಿಕಿರಣ ಧಾತುವೇ ಇಲ್ಲ, ವಿದ್ಯುತ್ತಿನಿಂದ ಕಣಗಳನ್ನು ಓಡಿಸಿ ಕಿರಣ ಹುಟ್ಟಿಸುತ್ತಾರೆ, ಗುಂಡಿ ಒತ್ತಿದರೆ ಕಿರಣ ಆರಿಹೋಗುತ್ತದೆ. 1971ರಲ್ಲಿ ಹೌನ್ಸ್‌ಫೀಲ್ಡ್ ಎಂಬ ಇಂಗ್ಲಿಷ್ ಎಂಜಿನಿಯರನ ಸಿ.ಟಿ. ಯಂತ್ರವು ಬದುಕಿರುವ ಮನುಷ್ಯನ ತಲೆಯನ್ನು ಕೊಯ್ಯದೆಯೇ ಪದರಪದರವಾಗಿ ತೋರಿಸಿತು. ಹೊಸ ಶತಮಾನದ ಆರಂಭದಲ್ಲಿ, ಡೇವಿಡ್ ಜಾಫ್ರೆ ಮೊದಲಾದವರ ಪ್ರಯತ್ನದಿಂದ, ಈ ಎರಡೂ ಒಂದೇ ಚೌಕಟ್ಟಿನಲ್ಲಿ ಕೂಡಿದುವು. ಕಿರಣ ಬಿಡುವ ತೋಳಿಗೆ ಅಡ್ಡಲಾಗಿ ಚಿತ್ರ ತೆಗೆಯುವ ಇನ್ನೊಂದು ತೋಳು ಬಂದಿತು. ಐ.ಜಿ.ಆರ್.ಟಿ. ಎಂದು ಇಂದು ಆಸ್ಪತ್ರೆಗಳ ಫಲಕಗಳ ಮೇಲೆ ಕಾಣುವ ಅಕ್ಷರಗಳ ತಿರುಳು ಇಷ್ಟೆ: ಪ್ರತಿದಿನವೂ ಮೊದಲು ನೋಡು, ಆಮೇಲೆ ಹೊಡೆ. ಬೇಕಾದರೆ ಇದನ್ನು ಬಿಂಬ-ನಿರ್ದೇಶಿತ ಕಿರಣ ಚಿಕಿತ್ಸೆ ಎನ್ನಬಹುದು.

ಇದು ಒಬ್ಬ ರೋಗಿಯ ಬಾಳಿನಲ್ಲಿ ಹೇಗೆ ನಡೆಯುತ್ತದೆಂಬುದನ್ನು ತಿಳಿಯಲು ತಿಕೋಟಾದ ಒಬ್ಬ ದ್ರಾಕ್ಷಿ ಬೆಳೆಗಾರನನ್ನು ಕಲ್ಪಿಸಿಕೊಳ್ಳೋಣ. ವಯಸ್ಸು ಐವತ್ತೆಂಟು. ನಾಲ್ಕು ಎಕರೆ ತೋಟ. ಹದಿನೆಂಟನೆಯ ವಯಸ್ಸಿನಿಂದ ಬೀಡಿ. ಮೂರು ತಿಂಗಳಿಂದ ದನಿ ಗೊಗ್ಗರಾಗಿದೆ, ರೊಟ್ಟಿ ನುಂಗುವಾಗ ಗಂಟಲು ಹಿಡಿಯುತ್ತದೆ. ತಪಾಸಣೆಯಲ್ಲಿ ಗಂಟಲಿನ ಕ್ಯಾನ್ಸರೆಂದು ತಿಳಿಯುತ್ತದೆ. 35 ದಿನ ಕಿರಣ, ವಾರಕ್ಕೊಮ್ಮೆ ಔಷಧ. ಒಟ್ಟು ಏಳು ವಾರ. ತಿಂಗಳು ಅಕ್ಟೋಬರ್. ತೋಟದಲ್ಲಿ ಫಲದ ಚಾಟ್ನಿಯ ಕಾಲ. ಚಾಟ್ನಿಯಾದ ಮೇಲಿನ ಏಳೆಂಟು ವಾರ ಬಳ್ಳಿಯನ್ನು ಕೂಸಿನಂತೆ ಕಾಯಬೇಕು. ಒಂದು ಮಳೆ ಬಿದ್ದು ಬೂಜು ಹಿಡಿದರೆ ವರ್ಷದ ಗಳಿಕೆ ಹೋಯಿತು. ‘ಚಾಟ್ನಿ ಮುಗಿಸಿ ಬರ್ತೀನ್ರಿ, ಡಾಕ್ಟರ್ ಸಾಹೇಬ್ರ’ ಎಂದು ಆತ ಹೇಳುವುದು ಸಹಜ. ‘ಬಳ್ಳಿ ಮುಂದಿನ ವರ್ಷನೂ ಚಿಗೀತದ ಕಾಕಾ, ಇದು ಕಾಯೂದಿಲ್ಲ’ ಎಂದು ವೈದ್ಯರು ಹೇಳುವುದೂ ಅಷ್ಟೇ ಸಹಜ. ಕೊನೆಗೆ ಮಗನಿಗೆ ತೋಟವನ್ನು ಒಪ್ಪಿಸಿ, ಹೆಂಡತಿಯೊಂದಿಗೆ ಪರಊರಿನ ಆಸ್ಪತ್ರೆಯ ಹತ್ತಿರ ಒಂದು ಕೋಣೆ ಹಿಡಿಯಬೇಕಾಗುತ್ತದೆ.

ಮೊದಲ ವಾರ ಕಿರಣವೇ ಇಲ್ಲ. ದಂತವೈದ್ಯರು ಹಾಳಾದ ಹಲ್ಲುಗಳನ್ನು ಕಿತ್ತು ಹಾಕುತ್ತಾರೆ. ಕಿರಣ ಬಿದ್ದ ದವಡೆಯಲ್ಲಿ ಆಮೇಲೆ ಹಲ್ಲು ಕೀಳಿಸಿದರೆ ಗಾಯ ಮಾಯುವುದು ಕಷ್ಟ. ಅನಂತರ ಬಿಸಿನೀರಿನಲ್ಲಿ ಮೆತ್ತಗೆ ಮಾಡಿದ ಪ್ಲಾಸ್ಟಿಕ್ ಜಾಳಿಗೆಯನ್ನು ಮುಖ ಮತ್ತು ಹೆಗಲಿನ ಮೇಲೆ ಎಳೆದು ಅಚ್ಚು ತೆಗೆಯುತ್ತಾರೆ. ಕೆಲವೇ ನಿಮಿಷಗಳಲ್ಲಿ ಅದು ಗಟ್ಟಿಯಾಗಿ ಆತನ ಮುಖದ್ದೇ ಒಂದು ಮುಖವಾಡವಾಗುತ್ತದೆ. ಬಯಲಾಟದಲ್ಲಿ ಬಣ್ಣ ಹಚ್ಚಿದವನಿಗೂ ಈ ಮುಖವಾಡ ಮೊದಲ ದಿನ ಉಸಿರು ಕಟ್ಟಿಸುತ್ತದೆ. ಆದರೆ ಜಾಳಿಗೆಯ ಕಣ್ಣುಗಳಿಂದ ಗಾಳಿ ಧಾರಾಳವಾಗಿ ಬರುತ್ತದೆ. ಅದನ್ನು ತೊಟ್ಟು ಮಲಗಿದ ಸ್ಥಿತಿಯಲ್ಲೇ ಸಿ.ಟಿ. ಚಿತ್ರ ತೆಗೆದು, ವೈದ್ಯರು ಪದರಪದರದ ಮೇಲೂ ಗಂತಿಯ ಎಲ್ಲೆಯನ್ನು ಗೆರೆ ಎಳೆದು ಗುರುತಿಸುತ್ತಾರೆ. ಬೆನ್ನುಹುರಿ ಎಲ್ಲಿ, ಜೊಲ್ಲಿನ ಗ್ರಂಥಿ ಎಲ್ಲಿ, ಯಾವುದಕ್ಕೆ ಎಷ್ಟು ಕಿರಣ ತಾಳುವ ಶಕ್ತಿಯಿದೆ ಎಂಬುದನ್ನು ಬರೆದಿಡುತ್ತಾರೆ. ಗಂತಿಗೆ 70 ಗ್ರೇ ಬೇಕು. ಬೆನ್ನುಹುರಿಗೆ 45ರಿಂದ 50ನ್ನು ಮೀರಬಾರದು. ಗ್ರೇ ಎಂಬುದು ಕಿರಣವನ್ನು ಅಳೆಯುವ ಮಾನ. ಈ ಬೀಗದ ಲೆಕ್ಕವನ್ನು ಬಿಡಿಸುವವರು ವೈದ್ಯರಲ್ಲ, ಭೌತಶಾಸ್ತ್ರಜ್ಞರು. ರೋಗಿ ಅವರ ಮುಖವನ್ನು ಕಾಣುವುದೇ ಅಪರೂಪ. ಆದರೂ ಆತನ ಮುಂದಿನ ಇಪ್ಪತ್ತು ವರ್ಷದ ಊಟ ಅವರ ಕೈಯಲ್ಲಿದೆ.

ಎಂಟನೆಯ ದಿನವೋ ಹತ್ತನೆಯ ದಿನವೋ ಕಿರಣ ಮೊದಲಾಗುತ್ತದೆ. ಕೋಣೆಯ ಗೋಡೆಗಳು ಗೋಲಗುಂಬಜದ ಗೋಡೆಗಳನ್ನು ನೆನಪಿಗೆ ತರುವಷ್ಟು ದಪ್ಪ. ಕೆಲವು ಕಡೆ ಎರಡು ಮೀಟರಿನ ಕಾಂಕ್ರೀಟು. ಮುಖವಾಡ ತೊಡಿಸಿ, ಹಲಗೆಗೆ ಬಿಗಿದು, ಎಲ್ಲರೂ ಹೊರಗೆ ಹೋಗುತ್ತಾರೆ. ಕ್ಯಾಮೆರಾದ ಮೂಲಕ ಅವರು ಆತನನ್ನು ನೋಡುತ್ತಿರುತ್ತಾರೆ. ಧ್ವನಿವರ್ಧಕದಿಂದ ಮಾತು ಕೇಳಿಸುತ್ತಿರುತ್ತದೆ. ಯಂತ್ರವು ಮೊದಲು ಆತನನ್ನು ಒಂದು ಸುತ್ತು ಸುತ್ತಿ ಚಿತ್ರ ತೆಗೆಯುತ್ತದೆ. ಹೊರಗಿನ ಪರದೆಯ ಮೇಲೆ ಇಂದಿನ ಚಿತ್ರವನ್ನು ಮೊದಲ ದಿನದ ಚಿತ್ರದ ಮೇಲಿಟ್ಟು ತಾಳೆ ನೋಡುತ್ತಾರೆ. ಕುತ್ತಿಗೆಯ ಎಲುಬು ಮೂರು ಮಿಲಿಮೀಟರ್ ಎಡಕ್ಕಿದೆ. ಹಲಗೆ ಮೂರು ಮಿಲಿಮೀಟರ್ ಬಲಕ್ಕೆ ಸರಿಯುತ್ತದೆ. ಆಮೇಲೆ ಕಿರಣ. ಯಂತ್ರದ ಬಾಯಲ್ಲಿರುವ ಲೋಹದ ತೆಳು ಪಟ್ಟಿಗಳು ಒಂದೊಂದಾಗಿ ಸರಿಯುತ್ತ ಕಿರಣದ ಆಕಾರವನ್ನು ಗಂತಿಯ ಆಕಾರಕ್ಕೆ ಹೊಂದಿಸುತ್ತಿರುತ್ತವೆ. ಎಲ್ಲ ಸೇರಿ ಹತ್ತು ಹದಿನೈದು ನಿಮಿಷ.

‘ಈ ಕರೆಂಟ್ ಮೈಯಾಗ ಉಳೀತೈತೇನ್ರಿ? ಮೊಮ್ಮಗಳನ್ನ ಎತ್ಕೋಬಹುದೇನ್ರಿ?’ ಎಂಬುದು ಹೊರಗೆ ಬಂದ ಕೂಡಲೇ ಕೇಳುವ ಪ್ರಶ್ನೆ. ಏನೂ ಉಳಿಯುವುದಿಲ್ಲ. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುವುದಿಲ್ಲವಷ್ಟೆ. ಹೊರಗಿನಿಂದ ಹಾಯಿಸುವ ಈ ಕಿರಣದಿಂದ ಮನೆಯವರಿಗೆ ಯಾವ ಅಪಾಯವೂ ಇಲ್ಲ. ಬೇರೆ ತಟ್ಟೆ, ಬೇರೆ ಹಾಸಿಗೆ ಮಾಡುವುದು ಅಜ್ಞಾನ ಮಾತ್ರವಲ್ಲ, ಕ್ರೌರ್ಯವೂ ಹೌದು.

ನಿಜವಾದ ಪರೀಕ್ಷೆ ಮೂರನೆಯ ವಾರಕ್ಕೆ ಬರುತ್ತದೆ. ಬಾಯೊಳಗೆ ಹುಣ್ಣಾಗುತ್ತದೆ, ಸಾರು ಕೂಡ ಉರಿಯುತ್ತದೆ, ನಾಲಿಗೆಗೆ ರುಚಿ ತಿಳಿಯುವುದಿಲ್ಲ, ಕುತ್ತಿಗೆಯ ಚರ್ಮ ಕಪ್ಪಾಗುತ್ತದೆ. ಜೋಳದ ಗಂಜಿ, ಹಾಲು, ಮೊಟ್ಟೆಗಳಲ್ಲಿ ದಿನ ತಳ್ಳಬೇಕು. ಕೆಲವರಿಗೆ ಮೂಗಿನಿಂದ ಕೊಳವೆ ಹಾಕುವುದೂ ಉಂಟು. ತೂಕ ಇಳಿಯುತ್ತದೆ. ತೂಕ ಇಳಿದಂತೆ ಮುಖವಾಡ ಸಡಿಲವಾಗುತ್ತದೆ, ಗಂತಿಯೂ ಕುಗ್ಗುತ್ತದೆ. ಮೊದಲ ದಿನ ಹಾಕಿದ ಲೆಕ್ಕ ಈಗಿನ ದೇಹಕ್ಕೆ ಹೊಂದುವುದಿಲ್ಲ. ಪ್ರತಿದಿನದ ಚಿತ್ರವಿಲ್ಲದಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಈಗ ಬೀಳುತ್ತದೆ, ಹೊಸ ಮುಖವಾಡ, ಹೊಸ ಲೆಕ್ಕ.

ಇದೇ ಹೊತ್ತಿಗೆ ಊರಿನಿಂದ ಮಗನ ಫೋನು ಬರುತ್ತದೆ. ತೋಟದಲ್ಲಿ ಆಳಿಲ್ಲ, ಮೋಡ ಕವಿದಿದೆ, ಔಷಧ ಹೊಡೆಯಬೇಕು. ನಾಲ್ಕು ದಿನ ಹೋಗಿ ಬಂದರೇನು? ಗಂಟಲಿನ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದು ದಿನ ಲಂಬಿಸಿದರೆ ರೋಗ ಹತೋಟಿಗೆ ಬರುವ ಸಂಭವವು ನೂರಕ್ಕೆ ಸುಮಾರು ಒಂದರಷ್ಟು ತಗ್ಗುತ್ತದೆಂದು ಹಲವು ಅಧ್ಯಯನಗಳು ತೋರಿಸಿವೆ. ಅರೆಜೀವವಾದ ರೋಗಕೋಶಗಳು ಆ ಬಿಡುವಿನಲ್ಲಿ ಮೊದಲಿಗಿಂತ ವೇಗವಾಗಿ ಬೆಳೆಯುತ್ತವೆ. ನಾಲ್ಕು ದಿನದ ತೋಟಕ್ಕೆ ತೆರಬೇಕಾದ ಬೆಲೆ ಅದು. ಎಷ್ಟೇ ಸೂಕ್ಷ್ಮವಾದ ಯಂತ್ರವೂ ಅದರ ಮುಂದೆ ಬಂದು ಮಲಗದ ರೋಗಿಯನ್ನು ಗುಣಪಡಿಸಲಾರದು.

ಬಬಲೇಶ್ವರದ ಕಡೆಯ ಒಬ್ಬ ತಾಯಿಗೆ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಬಂದಿದೆ ಎಂದುಕೊಳ್ಳಿ. ಅವಳ ಕಷ್ಟ ಬೇರೆ ತೆರನದು. ಹೇಳಿಕೊಳ್ಳಲು ಸಂಕೋಚಪಟ್ಟು ಅವಳು ಆಗಲೇ ಎಷ್ಟೋ ತಿಂಗಳು ಕಳೆದಿರುತ್ತಾಳೆ. ಚಿಕಿತ್ಸೆಗೆ ಬಂದಾಗ ದಿನವೂ ಇಷ್ಟೇ ನೀರು ಕುಡಿದು ಇಷ್ಟೇ ಹೊತ್ತು ಕಾಯಬೇಕೆಂದು ಹೇಳುತ್ತಾರೆ. ಏಕೆಂದು ಬಿಡಿಸಿ ಹೇಳುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ತುಂಬಿದ ಮೂತ್ರಕೋಶವು ಕರುಳನ್ನು ಮೇಲಕ್ಕೆ ತಳ್ಳಿ ಕಿರಣದ ದಾರಿಯಿಂದ ದೂರ ಇಡುತ್ತದೆಂಬುದು ಅದರ ಗುಟ್ಟು. ಈ ವಿಷಯದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದವರು ನಡೆಸಿದ ಪರೀಕ್ಷೆಯನ್ನು ಲೋಕವೇ ಗಮನಿಸಿತು. ಶಸ್ತ್ರಚಿಕಿತ್ಸೆಯಾದ ಮೇಲೆ ಕಿರಣ ಬೇಕಾಗಿದ್ದ 300 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹಳೆಯ ಕ್ರಮವನ್ನೂ ಇನ್ನೊಂದಕ್ಕೆ ಬಿಂಬ-ನಿರ್ದೇಶಿತ ಕ್ರಮವನ್ನೂ ಅನುಸರಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ವರ್ಷದೊಳಗೆ ಕರುಳಿನ ಗಣನೀಯ ತೊಂದರೆಗೆ ಗುರಿಯಾದವರು ಹಳೆಯ ಕ್ರಮದಲ್ಲಿ ನೂರಕ್ಕೆ 42, ಹೊಸ ಕ್ರಮದಲ್ಲಿ ನೂರಕ್ಕೆ 21. ರೋಗದ ಹತೋಟಿಯಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಈ ಕೊನೆಯ ಮಾತನ್ನು ಜಾಹೀರಾತುಗಳು ಹೇಳುವುದಿಲ್ಲವಾದ್ದರಿಂದ ಇಲ್ಲಿ ಹೇಳಬೇಕಾಗಿದೆ. ಹೊಸ ಯಂತ್ರವೆಂದರೆ ಹೊಸ ಆಯುಷ್ಯವೆಂದು ಭ್ರಮಿಸಬಾರದು. ಅದರ ದೊಡ್ಡ ಉಪಕಾರವಿರುವುದು ಚಿಕಿತ್ಸೆಯ ನಂತರದ ಬದುಕಿನಲ್ಲಿ: ಒಣಗದ ಬಾಯಿ, ಕೆಡದ ಕರುಳು, ನಾಲ್ಕು ಜನರ ನಡುವೆ ಕೂತು ಉಣ್ಣುವ ಶಕ್ತಿ. ಅದೇನು ಸಾಮಾನ್ಯವೆ? ಆದರೆ ಸ್ತನದ, ಎಲುಬಿನ ಕೆಲವು ಸಂದರ್ಭಗಳಲ್ಲಿ ಸರಳ ಕ್ರಮವೇ ಸಾಕಾಗುತ್ತದೆ. ಸಾಲ ಮಾಡಿ ದುಬಾರಿಯ ಕ್ರಮವನ್ನು ಹಿಡಿಯುವ ಮುನ್ನ ‘ನಮಗೆ ಇದು ಬೇಕೇ ಬೇಕೆ?’ ಎಂದು ವೈದ್ಯರನ್ನು ನೇರವಾಗಿ ಕೇಳುವುದರಲ್ಲಿ ಅವಮರ್ಯಾದೆಯೇನೂ ಇಲ್ಲ.

ವಿಜಯಪುರದ ಜನರಿಗೆ ಈ ಚಿಕಿತ್ಸೆಯ ಇತಿಹಾಸವೆಂದರೆ ಬಹುಕಾಲ ಪ್ರಯಾಣದ ಇತಿಹಾಸವೇ ಆಗಿತ್ತು. 1941ರಲ್ಲಿ ತೆರೆದ ಮುಂಬಯಿಯ ಟಾಟಾ ಆಸ್ಪತ್ರೆ, 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ, ಮೀರಜ, ಸೊಲ್ಲಾಪುರ ಜಿಲ್ಲೆಯ ಬಾರ್ಶಿ, ಕಲಬುರಗಿ; ಕಾಗದಗಳ ಚೀಲವನ್ನು ಎದೆಗವಚಿಕೊಂಡು ಗೋಲಗುಂಬಜ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೋದ ಕುಟುಂಬಗಳೆಷ್ಟೋ. ಬೆಂಗಳೂರು ಐನೂರು ಕಿಲೋಮೀಟರಿಗೂ ಹೆಚ್ಚು ದೂರ. ಹತ್ತಿರವೆನ್ನುವ ಸೊಲ್ಲಾಪುರವೂ ನೂರು ಕಿಲೋಮೀಟರ್. ವಚನ ಸಾಹಿತ್ಯವನ್ನು ಬೆಳಕಿಗೆ ತಂದ ಫ. ಗು. ಹಳಕಟ್ಟಿಯವರು 1910ರಲ್ಲಿ ಈ ಊರಿನಲ್ಲಿ ನೆಟ್ಟ ಶಿಕ್ಷಣ ಸಂಸ್ಥೆಯ ಆಶ್ರಯದಲ್ಲಿ 1986ರಲ್ಲಿ ವೈದ್ಯಕೀಯ ಕಾಲೇಜು ಬಂದಿತು. ಅಲ್-ಅಮೀನ್ ವೈದ್ಯಕೀಯ ಕಾಲೇಜು ಅದಕ್ಕೂ ಎರಡು ವರ್ಷ ಹಿರಿದು. ಮೂವತ್ತೈದು ದಿನದ ಚಿಕಿತ್ಸೆಯಲ್ಲಿ ದೂರವೆಂಬುದು ಬರಿಯ ಅನಾನುಕೂಲವಲ್ಲ, ಅದೂ ಒಂದು ರೋಗಲಕ್ಷಣದಂತೆಯೇ. ತಿಕೋಟಾದಿಂದ ಜಿಲ್ಲಾ ಕೇಂದ್ರಕ್ಕೆ ಇಪ್ಪತ್ತು ಕಿಲೋಮೀಟರ್, ಬಬಲೇಶ್ವರದಿಂದ ಇಪ್ಪತ್ತೈದರ ಸುಮಾರು. ಬೆಳಿಗ್ಗೆ ತೋಟ, ಮಧ್ಯಾಹ್ನ ಚಿಕಿತ್ಸೆ, ರಾತ್ರಿ ತನ್ನ ಮನೆಯ ಹಾಸಿಗೆ ಎಂಬ ಅನುಕೂಲ ಯಾರಿಗೆ ಸಿಗುತ್ತದೆಯೋ ಅವರು ಚಿಕಿತ್ಸೆಯನ್ನು ನಡುವೆ ಬಿಟ್ಟುಹೋಗುವ ಸಂಭವ ಕಡಿಮೆ. ಹಣದ ಮಟ್ಟಿಗೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯು ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಾಗುತ್ತದೆ. ಕಿರಣ ಚಿಕಿತ್ಸೆಯೂ ಅದರಲ್ಲಿ ಸೇರಿದೆ. ಕೋಣೆಯ ಬಾಡಿಗೆ, ತಪ್ಪಿದ ಕೂಲಿ ಇವುಗಳ ಚಿಂತೆ ಬೇರೆಯೇ.

ನಮ್ಮ ಕಲ್ಪನೆಯ ಬೆಳೆಗಾರನ ಮೂವತ್ತೈದನೆಯ ದಿನ ಡಿಸೆಂಬರಿನಲ್ಲಿ ಬರುತ್ತದೆ. ಮುಖವಾಡವನ್ನು ಬಿಚ್ಚಿ, ಬೇಕಾದರೆ ಒಯ್ಯಿರೆಂದು ಅವನ ಕೈಗೇ ಕೊಡುತ್ತಾರೆ. ಗುಣವಾಯಿತೋ ಇಲ್ಲವೋ ಎಂಬುದನ್ನು ಆ ದಿನ ಯಾರೂ ಹೇಳಲಾರರು. ಕಿರಣದ ಕೆಲಸ ಅದು ನಿಂತ ಮೇಲೂ ವಾರಗಟ್ಟಲೆ ಒಳಗೆ ನಡೆಯುತ್ತಿರುತ್ತದೆ. ಮೂರು ತಿಂಗಳು ಬಿಟ್ಟು ಬಂದು ಮತ್ತೆ ಪರೀಕ್ಷೆ ಮಾಡಿಸಬೇಕೆಂದು ಚೀಟಿಯ ಮೇಲೆ ಬರೆಯುತ್ತಾರೆ. ಆತ ಬೆರಳು ಮಡಿಚಿ ಎಣಿಸುತ್ತಾನೆ: ಮಾರ್ಚ್ ತಿಂಗಳು. ತಿಕೋಟಾದಲ್ಲಿ ಆ ಹೊತ್ತಿಗೆ ದ್ರಾಕ್ಷಿ ಕೊಯ್ಲು ನಡೆದಿರುತ್ತದೆ. ಒಣಗಿಸುವ ಶೆಡ್ಡುಗಳಲ್ಲಿ ಬಲೆಗಳ ಮೇಲೆ ಹಣ್ಣು ಹರವಿರುತ್ತದೆ. ‘ಕೊಯ್ಲಿನ್ಯಾಗ ಒಂದು ದಿನ ಬಿಡುವು ಮಾಡ್ಕೊಂಡು ಬರ್ತೀನ್ರಿ’ ಎನ್ನುತ್ತಾನೆ. ಈ ಸಲ ವೈದ್ಯರು ತಲೆಯಾಡಿಸಿ, ತಾರೀಖನ್ನು ದೊಡ್ಡ ಅಕ್ಷರದಲ್ಲಿ ಬರೆದು ಚೀಟಿಯನ್ನು ಅವನ ಹೆಂಡತಿಯ ಕೈಗೆ ಕೊಡುತ್ತಾರೆ.